ಆರು ಮಕ್ಕಳ ತರಗತಿಗೆ ಶೇಕಡಾ ಲೆಕ್ಕ ಸಾಲದು

(ಮಂಡ್ಯದಲ್ಲಿ ಹಳ್ಳಿ ಶಾಲೆಗಳ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಹಾಗೂ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಸದಸ್ಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಫಲಿತಾಂಶ ಬಂದ ದಿನ ಊರಿನ ಅರಳಿಕಟ್ಟೆಯಲ್ಲಿ ಕೇಳಿಬರುವ ಮಾತು ನಿಮಗೆಲ್ಲ ಗೊತ್ತು. 'ಹೋದ ವರ್ಷ ತೊಂಬತ್ತೆರಡು ಪರ್ಸೆಂಟ್ ಬಂದಿತ್ತು, ಈ ವರ್ಷ ಅರವತ್ತೇಳಕ್ಕೆ ಬಿದ್ದೋಯ್ತು, ಮೇಷ್ಟ್ರು ಏನ್ ಮಾಡ್ತಿದ್ರು?' ಈ ಮಾತಿಗೆ ಉತ್ತರ ಕೊಡುವ ಮೊದಲು ಎಷ್ಟು ಮಕ್ಕಳು ಪರೀಕ್ಷೆಗೆ ಕೂತಿದ್ದರು ಎಂದು ಕೇಳಬೇಕು. ಹನ್ನೆರಡು ಮಕ್ಕಳ ತರಗತಿಯಲ್ಲಿ 11 ಜನ ಪಾಸಾದರೆ ಶೇ. 92. 8 ಜನ ಪಾಸಾದರೆ ಶೇ. 67. ಊರೆಲ್ಲ ಮಾತಾಡಿಕೊಂಡ ಆ ಇಪ್ಪತ್ತೈದು ಪರ್ಸೆಂಟ್ ಅಂದರೆ ಮೂರು ಮಕ್ಕಳು. ಆ ಮೂವರಲ್ಲಿ ಒಬ್ಬಳಿಗೆ ಪರೀಕ್ಷೆ ದಿನ ಜ್ವರ ಬಂದಿರಬಹುದು, ಒಬ್ಬ ಜನವರಿಯಿಂದ ಶಾಲೆಗೇ ಬಂದಿಲ್ಲದಿರಬಹುದು, ಇನ್ನೊಬ್ಬನಿಗೆ ನಾಲ್ಕನೇ ತರಗತಿಯಿಂದಲೂ ಭಾಗಾಕಾರ ಬಾರದಿರಬಹುದು. ಮೂವರದೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ. ಶೇಕಡಾ ಎಂಬ ಒಂದೇ ಅಂಕಿಯಲ್ಲಿ ಈ ಮೂವರೂ ಕಾಣುವುದಿಲ್ಲ.

ಸಣ್ಣ ಶಾಲೆಯ ಅಂಕಿ ಎಷ್ಟರ ಮಟ್ಟಿಗೆ ತೂಗಾಡುತ್ತದೆ ಎನ್ನುವುದನ್ನು ಲೆಕ್ಕ ಹಾಕಿಯೇ ನೋಡಬಹುದು. ಒಂದು ಶಾಲೆಯ ಪ್ರತಿ ಮಗುವೂ ಹತ್ತಕ್ಕೆ ಎಂಟು ಪಾಲು ಪಾಸಾಗುವಷ್ಟು ತಯಾರಾಗಿದೆ ಎಂದುಕೊಳ್ಳಿ. ಪಾಠ ಮಾಡುವವರು ಅವರೇ, ಶ್ರಮವೂ ಅಷ್ಟೇ, ವರ್ಷದಿಂದ ವರ್ಷಕ್ಕೆ ಏನೂ ಬದಲಾಗುವುದಿಲ್ಲ. ಹಾಗಿದ್ದರೂ ಹನ್ನೆರಡು ಮಕ್ಕಳ ತರಗತಿಯಲ್ಲಿ ಏಳು ವರ್ಷಕ್ಕೆ ಸುಮಾರು ಆರು ವರ್ಷ ಪಾಸಾದವರ ಸಂಖ್ಯೆ 8ರಿಂದ 11ರ ನಡುವೆ ಓಡಾಡುತ್ತದೆ. ಅಂದರೆ ಶೇ. 67ರಿಂದ ಶೇ. 92. ಹದಿನಾಲ್ಕು ಹದಿನೈದು ವರ್ಷಕ್ಕೊಮ್ಮೆ ಹನ್ನೆರಡಕ್ಕೆ ಹನ್ನೆರಡೂ ಪಾಸಾಗಿ ಸನ್ಮಾನವೂ ಆಗುತ್ತದೆ. ಅದೇ ತಯಾರಿಯ 120 ಮಕ್ಕಳಿರುವ ದೊಡ್ಡ ಶಾಲೆಯ ಅಂಕಿ ಹೆಚ್ಚುಕಡಿಮೆ 75ರಿಂದ 85ರೊಳಗೇ ನಿಲ್ಲುತ್ತದೆ. ಹಾಗಾಗಿ ಪಟ್ಟಿಯ ತುದಿಯಲ್ಲೂ ಬುಡದಲ್ಲೂ ಸಣ್ಣ ಶಾಲೆಗಳೇ ಹೆಚ್ಚಾಗಿ ಕಾಣುವುದು ಸಹಜ. ಒಂದು ವರ್ಷದ ಅಂಕಿ ನೋಡಿ ಹಾರ ಹಾಕುವುದೂ ತಪ್ಪು, ನೋಟಿಸ್ ಕೊಡುವುದೂ ತಪ್ಪು. ಕನಿಷ್ಠ ಮೂರು ವರ್ಷದ ಮಕ್ಕಳನ್ನು ಒಟ್ಟಿಗೆ ಎಣಿಸಿ. 11, 8, 10 ಪಾಸಾಗಿದ್ದರೆ 36ಕ್ಕೆ 29, ಸುಮಾರು ಶೇ. 81. ಅದನ್ನು ಹಿಂದಿನ ಮೂರು ವರ್ಷದ ಜೊತೆ ಹೋಲಿಸಿದರೆ ಮಾತಿಗೆ ಸ್ವಲ್ಪ ತೂಕ ಬರುತ್ತದೆ.

ಪರೀಕ್ಷೆಯೂ ವರ್ಷ ವರ್ಷಕ್ಕೆ ಒಂದೇ ರೀತಿ ಇರುವುದಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯದ ಒಟ್ಟು ಫಲಿತಾಂಶ 2023ರಲ್ಲಿ ಶೇ. 83.89 ಇದ್ದದ್ದು, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ ಶೇ. 73.40ಕ್ಕೆ ಇಳಿಯಿತು. ಆ ವರ್ಷ ನಿಮ್ಮ ಪ್ರೌಢಶಾಲೆ ಹತ್ತು ಪರ್ಸೆಂಟ್ ಇಳಿದಿದ್ದರೆ ರಾಜ್ಯದ ಜೊತೆ ಇಳಿದಿದೆ, ಅಷ್ಟೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ, ಫಲಿತಾಂಶ ಹೇಳುವಾಗ ಪರೀಕ್ಷೆ-1ರದ್ದೋ ಎಲ್ಲವೂ ಮುಗಿದ ಮೇಲಿನದ್ದೋ ಎಂದು ಬಾಯಿಬಿಟ್ಟು ಹೇಳಬೇಕು. ಒಂದು ಶಾಲೆಯ ಮೊದಲನೆಯದನ್ನು ಇನ್ನೊಂದರ ಕೊನೆಯದಕ್ಕೆ ಹೋಲಿಸಿ ಜಗಳವಾಡುವುದು ಎಲ್ಲ ಕಡೆ ನಡೆಯುತ್ತಿದೆ.

ಇದು ಸಂಖ್ಯೆಯ ಮಾತಾಯಿತು. ಇದಕ್ಕಿಂತ ದೊಡ್ಡ ವಿಷಯವೆಂದರೆ, ಒಂದನೇ ತರಗತಿಯಲ್ಲಿ ಸೇರಿದ ಮಕ್ಕಳೂ ಏಳನೇ ತರಗತಿಯಲ್ಲಿ ಪರೀಕ್ಷೆ ಬರೆದ ಮಕ್ಕಳೂ ಅವರೇ ಅಲ್ಲ.

ಲೆಕ್ಕಕ್ಕೆಂದು ಒಂದು ಹಿರಿಯ ಪ್ರಾಥಮಿಕ ಶಾಲೆಯನ್ನು ಇಟ್ಟುಕೊಳ್ಳೋಣ. ಒಂದರಿಂದ ಏಳರವರೆಗೆ 5, 7, 4, 8, 9, 4, 6. ಒಟ್ಟು 43 ಮಕ್ಕಳು. ಏಳನೇ ತರಗತಿಯ ಈ ಆರು ಜನರ ಜಾಡನ್ನು ದಾಖಲಾತಿ ವಹಿಯಲ್ಲಿ ಹಿಂದಕ್ಕೆ ಹಿಡಿದು ಹೋಗಿ. ಅಂದು ಒಂದನೇ ತರಗತಿಗೆ ಸೇರಿದವರು ಒಂಬತ್ತು ಮಂದಿ. ಮೂರು ಮಂದಿ ನಡುವೆ ಕಾನ್ವೆಂಟ್ ವ್ಯಾನ್ ಹತ್ತಿದರು. ಐದನೇ ತರಗತಿಗೆ ಬರುವಾಗ ಉಳಿದವರು ಆರು. ಅವರ ಗಣಿತದ ಅಂಕ ನೂರಕ್ಕೆ 88, 82, 64, 55, 48, 41. ಸರಾಸರಿ 63. ಐದು ಮುಗಿದ ಮೇಲೆ ಮೊದಲ ಇಬ್ಬರು ಪ್ರವೇಶ ಪರೀಕ್ಷೆ ಬರೆದು ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಒಬ್ಬಳು, ಆದರ್ಶ ವಿದ್ಯಾಲಯಕ್ಕೆ ಒಬ್ಬ ಹೋದರು. ಅವರ ಜಾಗಕ್ಕೆ ಇಬ್ಬರು ಹೊಸಬರು ಬಂದರು. ಅಜ್ಜಿ ಮನೆಯಲ್ಲಿ ಉಳಿದು ಓದಲು ಬಂದ ಹುಡುಗ, ಆಲೆಮನೆ ಕೆಲಸಕ್ಕೆ ಬಂದ ಕುಟುಂಬದ ಹುಡುಗಿ. ಸೇರಿದಾಗ ಇಬ್ಬರಿಗೂ ಇಪ್ಪತ್ತೈದರ ಆಸುಪಾಸು.

ಏಳನೇ ತರಗತಿಯಲ್ಲಿ ಏನಾಯಿತು ನೋಡಿ. ಉಳಿದ ನಾಲ್ವರೂ ತಲಾ ಐದೈದು ಅಂಕ ಮೇಲೆ ಹೋಗಿದ್ದಾರೆ: 69, 60, 53, 46. ಹೊಸಬರಿಬ್ಬರೂ 32ಕ್ಕೆ ಬಂದಿದ್ದಾರೆ. ಶಾಲೆಯಲ್ಲಿರುವ ಒಂದು ಮಗುವೂ ಹಿಂದೆ ಬಿದ್ದಿಲ್ಲ. ಆದರೆ ಆರು ಜನರ ಸರಾಸರಿ 49ಕ್ಕೂ ಒಂದು ಕೂದಲೆಳೆ ಕಡಿಮೆ. ಐದನೇ ತರಗತಿಯಲ್ಲಿ 63, ಏಳರಲ್ಲಿ 49. ಈ ಎರಡು ಅಂಕಿಗಳನ್ನು ಮಾತ್ರ ಪಕ್ಕಪಕ್ಕದಲ್ಲಿ ಬರೆದು ಯಾರಿಗಾದರೂ ತೋರಿಸಿದರೆ, ಆರು ಮತ್ತು ಏಳಕ್ಕೆ ಪಾಠ ಮಾಡಿದ ಶಿಕ್ಷಕಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. ನಿಜವಾಗಿ ಆಕೆ ಆರೂ ಮಕ್ಕಳನ್ನು ಮೇಲೆತ್ತಿದ್ದಾರೆ.

ನಮ್ಮ ಹಳ್ಳಿ ಶಾಲೆಗಳ ಮಟ್ಟಿಗೆ ಇದು ಎಲ್ಲೋ ಒಂದು ಕಡೆ ನಡೆಯುವ ಸಂಗತಿಯಲ್ಲ. ನವೋದಯ, ಮೊರಾರ್ಜಿ, ಆದರ್ಶ, ಎಲ್ಲಕ್ಕೂ ಪ್ರವೇಶ ಆರನೇ ತರಗತಿಗೆ. ನವೋದಯದಲ್ಲಿ ಕನಿಷ್ಠ ಮುಕ್ಕಾಲು ಪಾಲು ಸೀಟು ಗ್ರಾಮೀಣ ಮಕ್ಕಳಿಗೇ ಮೀಸಲು. ಹಳ್ಳಿಯ ಬಡ ಮಗುವಿಗೆ ಈ ದಾರಿ ಇರಲೇಬೇಕು, ಅದಕ್ಕೆ ತಯಾರು ಮಾಡುವ ಶಿಕ್ಷಕರಿಗೆ ಕೈಮುಗಿಯಬೇಕು. ಆದರೆ ಐದನೇ ತರಗತಿಯವರೆಗೆ ಚೆನ್ನಾಗಿ ಕಲಿಸಿದಷ್ಟೂ ಆರನೇ ತರಗತಿಯ ಸರಾಸರಿ ಇಳಿಯುತ್ತದೆ ಎನ್ನುವುದನ್ನು ಮರೆತು ಫಲಿತಾಂಶ ಓದಬಾರದು. ಹೊರಟುಹೋದ ಮಗುವಿನ ಹೆಸರಿನ ಮುಂದೆ 'ಟಿಸಿ ಪಡೆದಿದೆ' ಎಂದಷ್ಟೇ ಬರೆದರೆ ಆ ಯಶಸ್ಸು ಶಾಲೆಯ ಲೆಕ್ಕದಿಂದಲೇ ಅಳಿಸಿಹೋಗುತ್ತದೆ. ಎಲ್ಲಿಗೆ ಹೋಯಿತು, ಹೋಗುವಾಗ ಓದು ಯಾವ ಮಟ್ಟದಲ್ಲಿತ್ತು, ಎರಡನ್ನೂ ಬರೆದಿಡಿ.

ದಾಖಲಾತಿ ಇಳಿಯಿತು ಎನ್ನುವಾಗಲೂ ಇದೇ ಎಚ್ಚರ ಬೇಕು. ಅಂಗನವಾಡಿ ಪಟ್ಟಿ ತೆಗೆದುಕೊಂಡು ಊರಿನಲ್ಲಿ ಆ ವರ್ಷ ಒಂದನೇ ತರಗತಿಗೆ ಬರಬೇಕಾದ ಮಕ್ಕಳನ್ನು ಎಣಿಸಿ. ಹೋದ ವರ್ಷ 12 ಮಕ್ಕಳಿದ್ದು 6 ಮಂದಿ ನಮ್ಮಲ್ಲಿ ಸೇರಿದ್ದರೆ ಅರ್ಧ. ಈ ವರ್ಷ ಇರುವುದೇ 7, ಸೇರಿದವರು 5 ಎಂದಾದರೆ ದಾಖಲಾತಿ ಒಂದು ಕಡಿಮೆಯಾಯಿತು, ಶಾಲೆಯ ಪಾಲು ಮಾತ್ರ ಶೇ. 71ಕ್ಕೆ ಏರಿತು. ಊರಿನ ನಂಬಿಕೆ ಹೆಚ್ಚಿದೆ, ಹುಟ್ಟುವ ಮಕ್ಕಳು ಕಡಿಮೆಯಾಗಿದ್ದಾರೆ. ಈ ಎರಡನ್ನೂ ಒಂದೇ ಎಂದುಕೊಂಡು ಶಾಲೆ ಸೋತಿತು ಎಂದು ತೀರ್ಮಾನಿಸಿಬಿಟ್ಟರೆ ಅನ್ಯಾಯ. ಪಟ್ಟಿ ಮಾಡುವಾಗ ಗಂಡು ಹೆಣ್ಣು ಬೇರೆ ಬೇರೆ ಬರೆದುಕೊಳ್ಳಿ. ಒಂದೇ ಮನೆಯ ಅಣ್ಣ ವ್ಯಾನಿನಲ್ಲೂ ತಂಗಿ ನಮ್ಮ ಶಾಲೆಯಲ್ಲೂ ಇರುವ ಮನೆಗಳು ಎಷ್ಟಿವೆ ಎನ್ನುವುದು ಆಗಲೇ ಕಣ್ಣಿಗೆ ಬೀಳುತ್ತದೆ.

ಈಗ ಶಾಲೆಯಲ್ಲಿರುವ ಮಕ್ಕಳು ಯಾರು ಎನ್ನುವ ವಿಷಯ. ಮಕ್ಕಳ ವಿವರ ತುಂಬುವ ರಾಜ್ಯದ ಸ್ಯಾಟ್ಸ್‌ನಲ್ಲೂ ಕೇಂದ್ರದ ಯು-ಡೈಸ್‌ನಲ್ಲೂ ಜಾತಿ ವರ್ಗ, ಲಿಂಗ, ಮಾತೃಭಾಷೆ, ವಿಶೇಷ ಅಗತ್ಯ ಎಲ್ಲಕ್ಕೂ ಕಾಲಂ ಇದೆ. ಕಲಿಕೆಯ ದೃಷ್ಟಿಯಿಂದ ನೋಡಿದರೆ ಇನ್ನೂ ಮೂರು ಸಂಗತಿ ಬರೆದುಕೊಳ್ಳಬೇಕು. ಮಗು ಯಾವ ತರಗತಿಗೆ, ಯಾವ ತಿಂಗಳಲ್ಲಿ ಸೇರಿತು. ಒಂದನೇ ತರಗತಿಗೆ ಮುಂಚೆ ಅಂಗನವಾಡಿಗೋ ಎಲ್‌ಕೆಜಿಗೋ ಹೋಗಿತ್ತೇ. ಮನೆಯಲ್ಲಿ ಪುಸ್ತಕ ನೋಡಿ ಹೇಳಿಕೊಡಬಲ್ಲವರು ಇದ್ದಾರೆಯೇ. ಮಾತೃಭಾಷೆಯ ಕಾಲಂ ತುಂಬುವಾಗ ಆತುರದಲ್ಲಿ ಎಲ್ಲರಿಗೂ 'ಕನ್ನಡ' ಎಂದು ಬರೆದುಬಿಡುತ್ತಾರೆ. ಮನೆಯಲ್ಲಿ ಉರ್ದು, ತೆಲುಗು, ತಮಿಳು, ಲಂಬಾಣಿ, ಹಿಂದಿ ಆಡುವ ಮಗುವಿಗೆ ಮೊದಲ ಆರು ತಿಂಗಳು ಓದಿನ ತೊಂದರೆ ಅಲ್ಲ, ಮಾತು ಅರ್ಥವಾಗುವ ತೊಂದರೆ. ಅದನ್ನು 'ಹಿಂದುಳಿದ ಮಗು' ಎಂದು ಗುಂಪಿಗೆ ಹಾಕಿದರೆ ಇಲ್ಲದ ಕಾಯಿಲೆಗೆ ಮದ್ದು ಕೊಟ್ಟಂತೆ.

ನಮ್ಮ ಸೀಮೆಯಲ್ಲಿ ಕಬ್ಬು ಕಡಿಯಲು, ಆಲೆಮನೆಗೆ, ಇಟ್ಟಿಗೆ ಗೂಡಿಗೆ ಬರುವ ಕುಟುಂಬಗಳ ಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಆಧಾರ್ ಇಲ್ಲ, ಟಿಸಿ ಇಲ್ಲ, ವಯಸ್ಸಿನ ದಾಖಲೆ ಇಲ್ಲ ಎಂದು ಗೇಟಿನಲ್ಲೇ ವಾಪಸ್ ಕಳಿಸುವುದು ಕಾನೂನಿಗೆ ವಿರುದ್ಧ. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾಗಿದೆ ಎಂಬುದು ಕಾರಣವಾಗುವಂತಿಲ್ಲ. 4ನೇ ಸೆಕ್ಷನ್ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ. 'ಈ ಮಗು ಸೇರಿದರೆ ನಮ್ಮ ರಿಸಲ್ಟ್ ಹಾಳಾಗುತ್ತದೆ' ಎನ್ನುವ ಭಯವೇ ಗೇಟು ಮುಚ್ಚಿಸುತ್ತಿದ್ದರೆ, ಆ ರಿಸಲ್ಟ್ ಲೆಕ್ಕ ಹಾಕುವ ರೀತಿಯನ್ನೇ ಬಿಡಬೇಕು. ಮಗು ಬಂದ ವಾರದಲ್ಲೇ ಓದಿನ ಮಟ್ಟ ಬರೆದಿಟ್ಟರೆ ಭಯಕ್ಕೆ ಜಾಗವೇ ಇಲ್ಲ. ಅಕ್ಷರ ಗೊತ್ತಿಲ್ಲದೆ ಬಂದ ಮಗು ನಾಲ್ಕು ತಿಂಗಳಲ್ಲಿ ಪದ ಓದಿ ಹೊರಟರೆ, ಅದು ಶಾಲೆಯ ಹೆಸರಿನಲ್ಲೇ ಬರೆಯಬೇಕಾದ ಫಲಿತಾಂಶ.

ಮಟ್ಟ ಅಳೆಯುವುದು ಹೇಗೆ? ಮೇಲೆ ಹೇಳಿದ ಶಾಲೆಯಲ್ಲಿ ನಾಲ್ಕರಿಂದ ಏಳರವರೆಗೆ 27 ಮಕ್ಕಳು. ಒಂದು ಮಗುವಿಗೆ ಓದು ಲೆಕ್ಕ ಎರಡಕ್ಕೂ ಸೇರಿ ಹತ್ತು ನಿಮಿಷ. ಒಟ್ಟು ನಾಲ್ಕೂವರೆ ಗಂಟೆ. ಊಟದ ನಂತರ ದಿನಕ್ಕೊಂದು ಗಂಟೆಯಂತೆ ಐದು ದಿನದಲ್ಲಿ ಮುಗಿಯುತ್ತದೆ. ವರ್ಷಕ್ಕೆ ಮೂರು ಸಲ ಸಾಕು: ಜೂನ್‌ನಲ್ಲಿ ಹಿಂದಿನ ತರಗತಿಯ ಕಲಿಕೆ ನೆನಪಿಸುವ ಸೇತುಬಂಧದ ಜೊತೆಗೆ, ದಸರಾ ರಜೆಗೆ ಮುಂಚೆ, ಫೆಬ್ರುವರಿ ಕೊನೆಗೆ. ನೂರು ಮಕ್ಕಳ ತರಗತಿಯಿರುವ ಕಡೆ ಇದು ಕನಸು. ಸಣ್ಣ ಶಾಲೆಗೆ ಇರುವ ದೊಡ್ಡ ಅನುಕೂಲವೇ ಇದು, ಅದನ್ನೇ ಬಳಸುತ್ತಿಲ್ಲ.

ಓದಿಗೆ ಐದು ಮೆಟ್ಟಿಲು ಇಟ್ಟುಕೊಳ್ಳಿ. ಅಕ್ಷರವೂ ಬಾರದು, ಅಕ್ಷರ, ಸರಳ ಪದ, ನಾಲ್ಕು ಸಾಲಿನ ಪ್ಯಾರಾ, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಐದು ಅಕ್ಷರದಲ್ಲಿ ನಾಲ್ಕು ಸರಿಯಾದರೆ ಅಕ್ಷರ ಬಂತು, ಐದು ಪದದಲ್ಲಿ ನಾಲ್ಕು ಸರಿಯಾದರೆ ಪದ ಬಂತು. ಪ್ಯಾರಾದಲ್ಲಿ ಮೂರು ತಪ್ಪಿನವರೆಗೆ ಬಿಡಬಹುದು, ಆದರೆ ಪದಪದವಾಗಿ ಅಲ್ಲದೆ ವಾಕ್ಯವಾಗಿ ಓದಬೇಕು. ಪಠ್ಯಪುಸ್ತಕದ ಪುಟವನ್ನು ಕೊಡಬೇಡಿ. ಕೇಳಿ ಕೇಳಿ ಬಾಯಿಪಾಠವಾಗಿರುತ್ತದೆ, ಮಗು ಚಿತ್ರ ನೋಡಿ ಗಡಗಡ ಹೇಳುತ್ತದೆ, ಬೆರಳು ಮಾತ್ರ ಬೇರೆ ಸಾಲಿನ ಮೇಲಿರುತ್ತದೆ. ಎಲ್ಲರೂ ಒಟ್ಟಾಗಿ ರಾಗವಾಗಿ ಓದುವಾಗ ಓದು ಬಾರದ ಮಗು ಐದು ವರ್ಷ ಅಡಗಿ ಕೂತಿರಬಲ್ಲದು. ಅದಕ್ಕೇ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಬೇಕು, ಉಳಿದವರ ಎದುರಿಗಲ್ಲ.

ನಮ್ಮ ಕಡೆಯವರು ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಮಗು 'ಹಳ್ಳಿ' ಎಂದಿದ್ದನ್ನು 'ಅಳ್ಳಿ' ಎಂದು, 'ಹೂವು' ಎಂದಿದ್ದನ್ನು 'ಊವು' ಎಂದು ಓದಿದರೆ ತಪ್ಪೆಂದು ಗುರುತು ಹಾಕಬೇಡಿ. ಅದು ಮನೆಯ ಮಾತು. ಅಕ್ಷರ ಗುರುತಿಸಿ, ಅರ್ಥ ಹಿಡಿದು, ತನ್ನ ಬಾಯಲ್ಲಿ ಹೇಳಿದೆ. ಅಲ್ಲಿ ತಡೆದು ತಿದ್ದಿದರೆ ಮುಂದಿನ ಸಾಲು ಓದುವ ಧೈರ್ಯವೇ ಹೋಗುತ್ತದೆ. ಬರವಣಿಗೆಯಲ್ಲಿ ತಿದ್ದುವುದು ಬೇರೆ ಕೆಲಸ, ಅದಕ್ಕೆ ಬೇರೆ ಹೊತ್ತು. ನಿಜವಾದ ತೊಡಕು ಇರುವುದು ಒತ್ತಕ್ಷರದಲ್ಲಿ, ಹ್ರಸ್ವ ದೀರ್ಘದಲ್ಲಿ. 'ಕಲು' ಮತ್ತು 'ಕಲ್ಲು', 'ಕೆರೆ' ಮತ್ತು 'ಕೇರೆ', ಇವುಗಳ ವ್ಯತ್ಯಾಸ ಕಾಣದ ಮಗುವಿಗೆ ಪದ ಮಟ್ಟದಲ್ಲೇ ಇನ್ನೂ ಕೆಲಸ ಇದೆ.

ಲೆಕ್ಕದಲ್ಲಿ ತಪ್ಪು ಉತ್ತರವೇ ದಾರಿ ತೋರಿಸುತ್ತದೆ. 52ರಲ್ಲಿ 27 ಕಳೆ ಎಂದರೆ 35 ಎಂದು ಬರೆದ ಮಗುವಿಗೆ ಕಳೆಯಲು ಬರುತ್ತದೆ. 2ರಲ್ಲಿ 7 ಹೋಗುವುದಿಲ್ಲವೆಂದು 7ರಲ್ಲಿ 2 ಕಳೆದಿದೆ, ದಶಕ ಬಿಡಿಸಿ ಸಾಲ ತೆಗೆದುಕೊಳ್ಳುವುದು ಗೊತ್ತಿಲ್ಲ. ಕಡ್ಡಿ ಕಂತೆ ಕೊಟ್ಟು ಒಂದು ಕಂತೆ ಬಿಚ್ಚಿಸಿದರೆ ಎರಡು ಮೂರು ದಿನದ ಕೆಲಸ. 612ನ್ನು 3ರಿಂದ ಭಾಗಿಸಿ 24 ಎಂದು ಬರೆದ ಮಗುವಿಗೆ ಭಾಗಾಕಾರ ಬರುತ್ತದೆ, ನಡುವಿನ ಸೊನ್ನೆಯ ಸ್ಥಾನ ಗೊತ್ತಿಲ್ಲ. ಇಬ್ಬರಿಗೂ ಸೊನ್ನೆ ಅಂಕ ಕೊಟ್ಟು ಮಗ್ಗಿ ಬರೆಯಲು ಹೇಳಿದರೆ ಇಬ್ಬರ ತಪ್ಪೂ ಹಾಗೇ ಉಳಿಯುತ್ತದೆ. ಹಾಳೆಯಲ್ಲಿ ಅಂಕ ಬರೆಯುವ ಬದಲು 'ಸಾಲ', 'ಸೊನ್ನೆ' ಎಂದು ಒಂದೊಂದು ಪದ ಬರೆದುಕೊಳ್ಳಿ.

ನಲಿ ಕಲಿ ಹುಟ್ಟಿದ್ದು 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಒಬ್ಬರೋ ಇಬ್ಬರೋ ಶಿಕ್ಷಕರು ಹಲವು ತರಗತಿ ಒಟ್ಟಿಗೆ ನೋಡಿಕೊಳ್ಳುವ ಶಾಲೆಗಳಿಗಾಗಿಯೇ ರೂಪಿಸಿದ ವಿಧಾನ ಅದು. ಮೂರನೇ ತರಗತಿಯವರೆಗೆ ಮಗು ತನ್ನ ವೇಗದಲ್ಲಿ ಕಲಿಕಾ ಏಣಿಯನ್ನು ಮೈಲಿಗಲ್ಲು ಮೈಲಿಗಲ್ಲಾಗಿ ಹತ್ತುತ್ತದೆ. ಎಡವಟ್ಟಾಗುವುದು ನಾಲ್ಕನೇ ತರಗತಿಯ ಹೊಸ್ತಿಲಲ್ಲಿ. ಏಣಿ ಮುಗಿಸದ ಮಗುವೂ ಜೂನ್‌ನಲ್ಲಿ ಪಠ್ಯಪುಸ್ತಕಕ್ಕೆ ಬರುತ್ತದೆ, ಅದು ಎಲ್ಲಿ ನಿಂತಿತ್ತು ಎಂಬ ಪ್ರಗತಿ ನೋಟ ನಲಿ ಕಲಿ ಕೊಠಡಿಯ ಗೋಡೆಯಲ್ಲೇ ಉಳಿಯುತ್ತದೆ. ನಾಲ್ಕನೇ ತರಗತಿಯ ಶಿಕ್ಷಕರು ಏಪ್ರಿಲ್‌ನಲ್ಲೇ ಆ ಕೊಠಡಿಗೆ ಹೋಗಿ ಪ್ರತಿ ಮಗು ನಿಂತ ಮೈಲಿಗಲ್ಲಿನ ಸಂಖ್ಯೆ ಬರೆದುಕೊಳ್ಳಬೇಕು. ಅರ್ಧ ಗಂಟೆಯ ಕೆಲಸ. ಅದನ್ನು ಮಾಡದ ಶಾಲೆಯಲ್ಲಿ ನಾಲ್ಕನೇ ತರಗತಿಯ ಮೊದಲ ಮೂರು ತಿಂಗಳು ಪೋಲಾಗುತ್ತದೆ.

ಹಾಜರಿಯ ಸರಾಸರಿಯೂ ಶೇಕಡಾದ ಹಾಗೇ ಮೋಸ ಮಾಡುತ್ತದೆ. ಒಂಬತ್ತು ಮಕ್ಕಳ ಐದನೇ ತರಗತಿಯಲ್ಲಿ ಎಂಟು ಮಕ್ಕಳದು ಶೇ. 95, ಒಂದು ಮಗುವಿನದು ಶೇ. 50 ಎಂದುಕೊಳ್ಳಿ. ಸರಾಸರಿ ಸರಿಯಾಗಿ ಶೇ. 90. ವರದಿಯಲ್ಲಿ ಉತ್ತಮ ಎಂದು ಬರುತ್ತದೆ. ಕಾಯ್ದೆ ಹೇಳುವಂತೆ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆದರೆ ಆ ಮಗು ನೂರು ದಿನ ಪಾಠ ಕೇಳಿಲ್ಲ. ಆದ್ದರಿಂದ ತಿಂಗಳ ಕೊನೆಗೆ ಸರಾಸರಿ ತೆಗೆಯುವ ಬದಲು, ನಾಲ್ಕು ದಿನಕ್ಕಿಂತ ಹೆಚ್ಚು ತಪ್ಪಿಸಿಕೊಂಡವರ ಹೆಸರು ಬರೆಯಿರಿ. ಸತತ ಮೂರು ದಿನ ಬಾರದಿದ್ದರೆ ಮೂರನೇ ಸಂಜೆಯೇ ಎಸ್‌ಡಿಎಂಸಿಯ ಒಬ್ಬರು ಮನೆಗೆ ಹೋಗಿ ಬರಲಿ. ಊರ ಹಬ್ಬ, ಜಾತ್ರೆ, ಕಬ್ಬು ಕಟಾವು, ನಾಟಿ, ಚಿಕ್ಕ ತಮ್ಮನನ್ನು ನೋಡಿಕೊಳ್ಳುವುದು, ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳಲ್ಲಿ ಶೌಚಾಲಯಕ್ಕೆ ನೀರಿಲ್ಲದಿರುವುದು, ಕಾರಣ ಯಾವುದೆಂದು ತಿಳಿದರೆ ಅರ್ಧ ದಾರಿ ಸಿಕ್ಕಂತೆ. ಕೊನೆಯದಂತೂ ಒಂದು ಪೈಪು, ಒಂದು ಡ್ರಮ್ಮಿನಲ್ಲಿ ಸರಿಹೋಗುವ ಕಾರಣ, ಅದಕ್ಕಾಗಿ ಒಂದು ಹುಡುಗಿಯೂ ಪಾಠ ಕಳೆದುಕೊಳ್ಳಬಾರದು. ಹಾಜರಿ ಪುಸ್ತಕದ ಸಂಖ್ಯೆಯೂ ಅಕ್ಷರ ದಾಸೋಹದಲ್ಲಿ ಉಂಡವರ ಸಂಖ್ಯೆಯೂ ಪದೇ ಪದೇ ತಾಳೆಯಾಗದಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ಹಾಜರಿಯೇ ಸುಳ್ಳಾದರೆ ಅದರ ಮೇಲೆ ಕಟ್ಟಿದ್ದೆಲ್ಲ ಸುಳ್ಳು.

ಶಿಕ್ಷಕರ ಹಾಜರಿಯನ್ನೂ ಇದೇ ನಿಷ್ಠೆಯಿಂದ ನೋಡಬೇಕು, ತಪ್ಪು ಹುಡುಕಲು ಅಲ್ಲ. ಒಂದರಿಂದ ಐದರವರೆಗೆ ಅರವತ್ತು ಮಕ್ಕಳವರೆಗೂ ಕಾಯ್ದೆ ಕೊಡುವುದು ಇಬ್ಬರು ಶಿಕ್ಷಕರನ್ನು. ತರಬೇತಿ, ಸಭೆ, ಚುನಾವಣಾ ಕೆಲಸ, ಸಮೀಕ್ಷೆ ಎಂದು ಒಬ್ಬೊಬ್ಬರು ವರ್ಷಕ್ಕೆ ಇಪ್ಪತ್ತು ದಿನ ಹೊರಗೆ ಹೋದರೆ, ನಲವತ್ತು ದಿನ ಒಬ್ಬರೇ ಐದು ತರಗತಿ ಕಾಯುತ್ತಾರೆ. ಕಾಯುತ್ತಾರೆ ಎಂದೇ ಹೇಳಬೇಕು, ಆ ದಿನ ಪಾಠ ನಡೆಯುವುದು ಕಷ್ಟ. ಈ ದಿನಗಳನ್ನು ಎಸ್‌ಡಿಎಂಸಿ ನಡಾವಳಿಯಲ್ಲಿ ತಿಂಗಳು ತಿಂಗಳು ದಾಖಲಿಸಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕಳಿಸಿ. ಅತಿಥಿ ಶಿಕ್ಷಕರನ್ನು ಕೇಳುವಾಗ ನಿಮ್ಮ ಕೈಯಲ್ಲಿರುವ ಗಟ್ಟಿ ದಾಖಲೆ ಅದೇ.

ಜಾತಿವಾರು ಫಲಿತಾಂಶದ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ಆರು ಮಕ್ಕಳ ತರಗತಿಯಲ್ಲಿ ಇಬ್ಬರು ಪರಿಶಿಷ್ಟ ಜಾತಿಯ ಮಕ್ಕಳಿದ್ದು, 'ಪ.ಜಾ. ಫಲಿತಾಂಶ ಶೇ. 50' ಎಂದು ಸಭೆಯ ಬೋರ್ಡಿನ ಮೇಲೆ ಬರೆದರೆ, ಅದು ಅಂಕಿ ಅಲ್ಲ, ಒಂದು ಮಗುವಿನ ಕಡೆ ಊರೆಲ್ಲ ಬೆರಳು ತೋರಿಸಿದಂತೆ. ಹತ್ತಕ್ಕಿಂತ ಕಡಿಮೆ ಮಕ್ಕಳ ಯಾವ ಗುಂಪಿನ ಫಲಿತಾಂಶವನ್ನೂ ಹೊರಗೆ ಹಾಕಬೇಡಿ. ಹಾಗೆಂದು ನೋಡದೆ ಬಿಡುವಂತೆಯೂ ಇಲ್ಲ. ಎಲ್ಲ ತರಗತಿ, ಮೂರು ವರ್ಷ ಒಟ್ಟು ಸೇರಿಸಿ ಶಿಕ್ಷಕರು ತಮ್ಮೊಳಗೆ ನೋಡಿಕೊಳ್ಳಲಿ. ಒಂದು ಕೇರಿಯ ಮಕ್ಕಳೇ ಪದ ಮಟ್ಟದಲ್ಲಿ ನಿಂತಿದ್ದರೆ ತರಗತಿಯೊಳಗೆ ಕಣ್ಣಾಡಿಸಿ: ಹಿಂದಿನ ಸಾಲಿನಲ್ಲಿ ಕೂರುವವರು ಯಾರು, ಪ್ರಶ್ನೆ ಕೇಳಿಸಿಕೊಳ್ಳುವವರು ಯಾರು, ಪ್ರಾರ್ಥನೆ ಹೇಳುವವರು ಯಾರು, ಕಸ ಗುಡಿಸಲು ಮೊದಲು ಕರೆಯುವುದು ಯಾರನ್ನು. ಒಂದು ವಾರ ಸುಮ್ಮನೆ ಗೆರೆ ಎಳೆದು ಎಣಿಸಿ. ಕೂರುವ ಜಾಗವನ್ನು ಪ್ರತಿ ಸೋಮವಾರ ಬದಲಾಯಿಸುವುದಕ್ಕೆ ಯಾವ ಆದೇಶವೂ ಬೇಕಿಲ್ಲ. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಪಾಲು ಮಹಿಳೆಯರು ಇರಬೇಕು. ಆ ಕೇರಿಯ ತಾಯಂದಿರು ಸಭೆಗೆ ಬಂದು ಕುರ್ಚಿಯ ಮೇಲೆ ಕೂತು ಮಾತಾಡುತ್ತಾರೋ, ಮನೆ ಬಾಗಿಲಿಗೆ ಬಂದ ಪುಸ್ತಕಕ್ಕೆ ಸಹಿ ಮಾತ್ರ ಹಾಕುತ್ತಾರೋ ಎನ್ನುವುದನ್ನೂ ನೋಡಿ.

ಇಷ್ಟಕ್ಕೂ ಬೇಕಾದದ್ದು ತರಗತಿಗೊಂದು ದೊಡ್ಡ ಹಾಳೆ. ಹೆಸರು, ಹುಟ್ಟಿದ ದಿನ, ಸೇರಿದ ತಿಂಗಳು ಮತ್ತು ತರಗತಿ, ಮನೆಮಾತು, ಅಂಗನವಾಡಿ ಅಥವಾ ಎಲ್‌ಕೆಜಿ, ನಲಿ ಕಲಿ ಮೈಲಿಗಲ್ಲು, ಜೂನ್ ದಸರಾ ಫೆಬ್ರುವರಿಯ ಓದಿನ ಮಟ್ಟ, ಲೆಕ್ಕದಲ್ಲಿ ಸಿಕ್ಕಿಬಿದ್ದ ಜಾಗ, ತಿಂಗಳುವಾರು ಗೈರು, ಹೊರಟುಹೋದರೆ ಎಲ್ಲಿಗೆ. ಹಾಳೆ ತರಗತಿಯದಲ್ಲ, ಬ್ಯಾಚಿನದು. ಮಕ್ಕಳು ಮುಂದಿನ ತರಗತಿಗೆ ಹೋದಾಗ ಹಾಳೆಯೂ ಅವರ ಜೊತೆ ಮುಂದಿನ ಶಿಕ್ಷಕರ ಕೈಗೆ ಹೋಗಬೇಕು. ಇದನ್ನು ಗೋಡೆಗೆ ಅಂಟಿಸಬಾರದು, ಬೀರುವಿನಲ್ಲಿ ಇಡಬೇಕು. ಸಮಿತಿ ಸಭೆಯಲ್ಲಿ ಹೆಸರಿಲ್ಲದೆ ಎಣಿಕೆ ಮಾತ್ರ ಹೇಳಬೇಕು: 'ಜೂನ್‌ನಲ್ಲಿ 27ರಲ್ಲಿ ಹನ್ನೊಂದು ಮಕ್ಕಳು ಕಥೆ ಓದುತ್ತಿದ್ದರು, ಈಗ ಹದಿನಾರು. ಇಬ್ಬರು ಇನ್ನೂ ಅಕ್ಷರದಲ್ಲೇ ಇದ್ದಾರೆ, ಅವರಿಗೆ ದಿನಕ್ಕೆ ಇಪ್ಪತ್ತು ನಿಮಿಷ ಬೇರೆ ಕೂರಿಸುತ್ತಿದ್ದೇವೆ.' ಊರಿನವರಿಗೆ ಶೇಕಡಾಕ್ಕಿಂತ ಈ ಮಾತು ಬೇಗ ಅರ್ಥವಾಗುತ್ತದೆ.

ಮುಖ್ಯ ಶಿಕ್ಷಕರಿಗೆ ವರ್ಗವಾದಾಗ ಹಾಳೆಗಳು ಕಳೆದುಹೋಗುವುದು ಹೆಚ್ಚು. ಚಾರ್ಜ್ ಪಟ್ಟಿಯಲ್ಲಿ ಬೆಂಚು, ಬೀರು, ಪಾತ್ರೆ, ಗ್ಯಾಸ್ ಸಿಲಿಂಡರ್ ಎಲ್ಲವೂ ಇರುತ್ತವೆ, ಇವು ಇರುವುದಿಲ್ಲ. 'ಬ್ಯಾಚ್ ಹಾಳೆ, ಒಟ್ಟು ಏಳು' ಎಂದು ಒಂದು ಸಾಲು ಸೇರಿಸಿ, ಕೊಟ್ಟವರೂ ತೆಗೆದುಕೊಂಡವರೂ ಸಹಿ ಹಾಕಲಿ. ಹೊಸಬರು ಬಂದ ಮೊದಲ ವಾರದಲ್ಲೇ ಹಳಬರನ್ನು ಫೋನಿನಲ್ಲಿ ಕೂರಿಸಿಕೊಂಡು ಏಳೂ ಹಾಳೆ ಒಮ್ಮೆ ಓದಲಿ, ಒಂದೊಂದಕ್ಕೆ ಹತ್ತು ನಿಮಿಷ ಸಾಕು.